ಗಾಳಿ ತುಂಬುವ ಪಾಂಟೂನ್ ಬೋಟ್ ತಗೊಳ್ಳೋ ಮುಂಚೆ ಜಿಪ್ಪು, ಪಟ್ಟಿ, ಬ್ಲಾಡರ್ ನೋಡಿ

ಮೀನು ಹಿಡಿಯೋಕೆ ಅಂತ ಆನ್‌ಲೈನ್‌ನಲ್ಲಿ ಪಾಂಟೂನ್ ಬೋಟ್ ಹುಡುಕುತ್ತಿರುವವರಿಗೆ ಇದು. ಅದೇ, ಎರಡು ಉದ್ದನೆಯ ಗಾಳಿ ಟ್ಯೂಬು (ಹೊರಗೆ ಜಿಪ್ಪಿರುವ ಕವರು, ಒಳಗೆ ಗಾಳಿ ಹಿಡಿಯುವ ಚೀಲ, ಅದೇ ಬ್ಲಾಡರ್), ಮೇಲೊಂದು ಕಬ್ಬಿಣದ ಫ್ರೇಮು, ನಡುವೆ ಒಬ್ಬರು ಕೂರುವ ಸೀಟು, ಎರಡು ಹುಟ್ಟು. ಇಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಟ್ರೌಟ್ ಹಿಡಿಯುವವರ ಹತ್ತಿರ ಇದು ತುಂಬಾ ಕಾಣುತ್ತದೆ. ಟ್ರೇಲರ್ ಬೇಡ, ಮಡಚಿದರೆ ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತದೆ, ಅಪಾರ್ಟ್‌ಮೆಂಟಿನಲ್ಲಿ ಇರುವವರೂ ಇಟ್ಟುಕೊಳ್ಳಬಹುದು. ಕಂಪನಿ ಹೆಸರು ಹಾಕುತ್ತಿಲ್ಲ. ಹೆಸರಿಗಿಂತ ಮಾಲು ಹೇಗಿದೆ ಅನ್ನೋದು ಮುಖ್ಯ.

ನನ್ನದು ಎಂಟು ಅಡಿಯದು. ಜಾಹೀರಾತಿನ ಫೋಟೋದಲ್ಲಿ ಒಬ್ಬ ಆಸಾಮಿ ನೊರೆ ಏಳುವ ನೀರಿನಲ್ಲಿ ನಗುತ್ತಾ ಕೂತಿದ್ದ. ಹೊಳೆಗೂ ಆಗುತ್ತದೆ, ಕೆರೆಗೂ ಆಗುತ್ತದೆ ಅಂತ ದಪ್ಪ ಅಕ್ಷರದಲ್ಲಿ ಇತ್ತು. ಅದನ್ನು ಇಳಿಸಿದ್ದು ಯಾಕಿಮಾ ನದಿಗೆ, ಎಲೆನ್ಸ್‌ಬರ್ಗ್ ಕೆಳಗಿನ ಕಣಿವೆಯಲ್ಲಿ, ಜುಲೈ ತಿಂಗಳು.

ಈ ಹೊಳೆಯ ಲೆಕ್ಕವೇ ಉಲ್ಟಾ. ಮೇಲಿನ ಜಲಾಶಯಗಳಿಂದ ಬೇಸಿಗೆಯಲ್ಲಿ ಹೊಲ ತೋಟಕ್ಕೆ ನೀರು ಬಿಡುತ್ತಾರೆ, ಹಾಗಾಗಿ ಬಿಸಿಲು ಜಾಸ್ತಿಯಾದಾಗಲೇ ಹೊಳೆ ತುಂಬಿರುತ್ತದೆ. 3,000 ಕ್ಯೂಸೆಕ್ ದಾಟುವುದು ಮಾಮೂಲು (ಕೆಆರ್‌ಎಸ್ ಸುದ್ದಿಯಲ್ಲಿ ಕೇಳುತ್ತೇವಲ್ಲ, ಅದೇ ಕ್ಯೂಸೆಕ್). ದಡದ ಪೊದೆಗಳ ಬುಡವೆಲ್ಲ ನೀರೊಳಗೆ, ಕಾಲೂರೋಕೆ ಜಾಗ ಸಿಗೋದು ಕಷ್ಟ. ಸೆಪ್ಟೆಂಬರ್ ಶುರುವಿನಲ್ಲಿ ನೀರು ತಗ್ಗಿಸುತ್ತಾರೆ, ಆಮೇಲೆ ಇದೇ ಜಾಗ ಎಷ್ಟೋ ಸಾಧು.

ಈಗ ಗಾಳಿಯ ವಿಷಯ. ಇದನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ. ಇಂಥ ಟ್ಯೂಬಿಗೆ ತುಂಬುವುದೇ 2 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸು. ದಡದ ಮೇಲೆ 35 ಡಿಗ್ರಿ ಬಿಸಿಲಲ್ಲಿ ತಟ್ಟಿದರೆ ಟಣ್ ಅನ್ನುತ್ತದೆ. ನೀರಿಗೆ ಬಿಟ್ಟ ಮೇಲೆ ಒಳಗಿನ ಗಾಳಿ 15 ಡಿಗ್ರಿಗೆ ತಣ್ಣಗಾಯಿತು ಅನ್ನಿ, ಎಲ್ಲೂ ಒಂದು ತೂತಿಲ್ಲದೆ ಆ 2ರಲ್ಲಿ 1 ಪಿಎಸ್‌ಐ ಹೋಗಿಬಿಡುತ್ತದೆ. ಅರ್ಧಕ್ಕರ್ಧ! ಟ್ಯೂಬು ಮೆತ್ತಗಾದರೆ ಅದನ್ನು ಫ್ರೇಮಿಗೆ ಬಿಗಿದ ಪಟ್ಟಿಗಳೂ ಸಡಿಲ. ಒಳ್ಳೆಯ ಬೋಟಿನಲ್ಲಿ ಪಟ್ಟಿಗೆ ಲೋಹದ ಬಕಲ್ ಇರುತ್ತದೆ, ಕೂತಲ್ಲಿಂದಲೇ ಎಳೆದು ಬಿಗಿಯಬಹುದು. ಇದರಲ್ಲಿದ್ದದ್ದು ಪ್ಲಾಸ್ಟಿಕ್ಕಿನದು, ಅದೂ ಸೀಟಿನ ಕೆಳಗೆ, ಕೈಗೇ ಎಟುಕಲ್ಲ.

ಕಣಿವೆಯಲ್ಲಿ ಉಮ್ಟಾನಮ್ ಅನ್ನೋ ಜಾಗ ದಾಟಿದ ಮೇಲೆ ಎಡಗಡೆ ಟ್ಯೂಬು ಹಿಂದಕ್ಕೆ ಸರಿಯೋಕೆ ಶುರುವಾಯಿತು, ಸೀಟು ಓರೆಯಾಯಿತು. ಬಗ್ಗಿ ನೋಡಿದರೆ ಹೊರಗಿನ ಕವರಿನ ಜಿಪ್ಪು ಮುಗಿಯುವ ಕಡೆ ಹೊಲಿಗೆ ಬಿಟ್ಟಿದೆ. ಹಳೇ ಸೈಕಲ್ ಟೈರಿನ ಬಿರುಕಲ್ಲಿ ಟ್ಯೂಬು ಗುಳ್ಳೆ ಎದ್ದು ಹೊರಗೆ ಬರುತ್ತದಲ್ಲ, ಹಾಗೆ ಬ್ಲಾಡರ್ ಮುಷ್ಟಿ ಗಾತ್ರ ಆಚೆ ಬಂದಿದೆ, ಸರಿದ ಫ್ರೇಮಿನ ಬೋಲ್ಟು ಅದಕ್ಕೇ ಉಜ್ಜುತ್ತಿದೆ. ಢಂ ಅಂತ ಏನೂ ಒಡೆಯಲಿಲ್ಲ. ಬುಸ್ ಅಂತ ಶುರುವಾಯಿತು, ಅಷ್ಟೇ. ಒಂದು ಕಡೆಗೆ ಒಂದೇ ಬ್ಲಾಡರ್, ಒಳಗೆ ಅಡ್ಡಗೋಡೆ ಇಲ್ಲ. ಹಾಗಾಗಿ ಒಂದು ಹೋದರೆ ಬೋಟು ಮುಳುಗಲ್ಲ, ಮಗುಚುತ್ತದೆ.

ಲೈಫ್ ಜಾಕೆಟ್ ಮೈಮೇಲೆ ಇತ್ತು. ಇಲ್ಲಿಯ ಕಾನೂನಿಗೆ ದೊಡ್ಡವರು ಬೋಟಿನಲ್ಲಿ ಇಟ್ಟುಕೊಂಡಿದ್ದರೆ ಸಾಕು, ಆದರೆ ಮಗುಚಿದ ಬೋಟಿನ ಅಡಿಯಿಂದ ಅದನ್ನು ಹುಡುಕಿ ತೆಗೆಯೋರು ಯಾರು? ಹಿಂದೆ ಬರುತ್ತಿದ್ದ ಗೈಡ್ ಒಬ್ಬರು ಹಗ್ಗ ಎಸೆದು ಎಳೆದುಕೊಂಡರು. ರಾಡು, ರೀಲು, ಡಬ್ಬಿ ಎಲ್ಲ ಹೊಳೆ ಪಾಲು. ಅವರು ಮೊದಲು ಕೇಳಿದ್ದು ಲಂಗರು ಇಳಿಸಿದ್ದಿರಾ ಅಂತ. ಹರಿಯುವ ನೀರಲ್ಲಿ ಲಂಗರು ಕಲ್ಲಿಗೆ ಸಿಕ್ಕಿಕೊಂಡರೆ ಬೋಟಿನ ಹಿಂಭಾಗವನ್ನು ಕೆಳಕ್ಕೇ ಎಳೆಯುತ್ತದಂತೆ. ಹಗ್ಗ ಕೊಯ್ಯೋಕೆ ಒಂದು ಚಾಕು ಜಾಕೆಟ್ಟಿಗೇ ಸಿಕ್ಕಿಸಿಕೊಂಡಿರಿ.

ಮಾರಿದವರಿಗೆ ಬರೆದರೆ ಏನು ಉತ್ತರ ಗೊತ್ತಾ? ಮ್ಯಾನುಯಲ್‌ನ ಕೊನೆ ಪುಟದಲ್ಲಿ ನಿಂತ ನೀರಿಗೆ ಮಾತ್ರ ಅಂತ ಹಾಕಿದ್ದೇವೆ, ಫೋಟೋ ಬರೀ ತೋರಿಕೆಗೆ. ಬಳಸಿದ ಮಾಲು ವಾಪಸ್ ಇಲ್ಲ. ಬೋಟನ್ನು ನೀರಿಗೆ ಇಳಿಸಿದ್ದೇ ತಪ್ಪು ಅನ್ನೋ ಥರ!

ಬ್ಲಾಡರ್ ಯಾವುದರದು ಅಂತ ಕೇಳಿ. ವಿನೈಲ್ ಆದರೆ ಚಳಿಯಲ್ಲಿ ಸೆಟೆದುಕೊಂಡು ಅಂಚಿನಲ್ಲಿ ಬಿರಿಯುತ್ತದೆ. ಯುರೇಥೇನ್ ಬೆಲೆ ಜಾಸ್ತಿ, ಆದರೆ ತಡೆಯುತ್ತದೆ. ಮನೆಯಲ್ಲೇ ಗಾಳಿ ತುಂಬಿ ಒಂದು ರಾತ್ರಿ ನೆರಳಲ್ಲಿ ಬಿಡಿ, ಬೆಳಿಗ್ಗೆ ಜಿಪ್ಪಿನ ಎರಡೂ ತುದಿ ಬೆರಳಲ್ಲಿ ಒತ್ತಿ ನೋಡಿ. ವಾಪಸ್ ಕೊಡೋ ಅವಕಾಶ ಇರುವಾಗಲೇ ಮಾಡಿ, ಅಲ್ವಾ. ಬೋಟು ಇಷ್ಟು ತೂಕ ಹೊರುತ್ತದೆ ಅಂತ ಹಾಕಿರುವ ಅಂಕಿಯನ್ನಂತೂ ನಂಬಲೇಬೇಡಿ. 350 ಪೌಂಡ್ ಅಂತಿದ್ದರೆ ನೀವು, ಒದ್ದೆ ಬಟ್ಟೆ, ಲಂಗರು, ಊಟದ ಡಬ್ಬಿ ಎಲ್ಲ ಸೇರಿ. ಅದರ ಹತ್ತಿರ ಹೋದರೆ ಟ್ಯೂಬು ಆಳಕ್ಕೆ ಕೂತು, ಹುಟ್ಟು ಹಾಕಿ ಹಾಕಿ ತೋಳು ಬಿದ್ದುಹೋಗುತ್ತದೆ.

ಊರಲ್ಲಿ ನನ್ನ ತಮ್ಮ ಇಂಥದ್ದೇ ಒಂದನ್ನು ಶರಾವತಿ ಹಿನ್ನೀರಿಗೆ ತರಿಸಬೇಕು ಅಂತಿದ್ದ. ಬೇಡ ಮಾರಾಯ ಅಂದೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ಅಲ್ಲೇ ನಿಂತಿವೆ. ಬೇಸಿಗೆಯಲ್ಲಾದರೆ ಕಾಣುತ್ತವೆ. ಮಳೆಗಾಲ ಕಳೆದು ನೀರು ಏರಿದಾಗ ನೀರಿನ ಒಂದಡಿ ಕೆಳಗೆ ಇದ್ದರೂ ಗೊತ್ತಾಗಲ್ಲ. ಗಾಳಿ ಟ್ಯೂಬಿಗೆ ಅಂಥ ಒಂದು ಚೂಪು ತುದಿ ಸಾಕು. ಅದಕ್ಕಿಂತ ಅಲ್ಲಿಯ ತೆಪ್ಪವೇ ವಾಸಿ, ಗಾಳಿ ಹೋಗೋ ಮಾತೇ ಇಲ್ಲ.

ಇಷ್ಟಾದ ಮೇಲೂ ತಗೊಳ್ಳೋದಾದರೆ, ದುಡ್ಡು ಕಟ್ಟುವ ಮುಂಚೆ ಒಂದು ಫೋನ್ ಮಾಡಿ, ಬ್ಲಾಡರ್ ಬಿಡಿಯಾಗಿ ಸಿಗುತ್ತಾ, ಎಷ್ಟಾಗುತ್ತೆ ಅಂತ ಕೇಳಿ. ಬಿಡಿ ಭಾಗ ಕೊಡಲ್ಲ ಅಂದರೆ ಅಲ್ಲಿಗೇ ಫೋನ್ ಇಡಿ.