ಚೀಲದ ಮೇಲಿನ ಬಿಳಿ ಸ್ಟಿಕರ್ ನಂಬಿ ನನ್ನ ಬೇಟೆನಾಯಿಯನ್ನು ಎರಡು ತಿಂಗಳು ಅರೆಹೊಟ್ಟೆಯಲ್ಲಿ ಓಡಿಸಿದೆ

ಇದನ್ನು ಬರೆಯಲು ನಾಚಿಕೆ ಆಗುತ್ತಿದೆ. ಎಂಟು ವರ್ಷದಿಂದ ಬೇಟೆನಾಯಿ ಸಾಕುತ್ತಿದ್ದೇನೆ. ಇದನ್ನು ಹಾಕಿ, ಅದನ್ನು ಹಾಕಬೇಡಿ ಅಂತ ಬೇರೆಯವರಿಗೆ ಹೇಳುವವನು ನಾನು. ಅಂಥ ನಾನೇ ಮೋಸ ಹೋದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಸುಳ್ಳು ಸ್ಟಿಕರ್ ಅಂಟಿಸಿ ನನಗೆ ನಾಯಿ ಆಹಾರ ಮಾರಿದವನ ಹತ್ತಿರ ಆ ಚೀಲಗಳು ಇನ್ನೂ ಇವೆ, ಇನ್ನೂ ಮಾರುತ್ತಿದ್ದಾನೆ, ಮತ್ತು ಓಡುವ ನಾಯಿ ಇರುವವರೇ ಅವನ ಗಿರಾಕಿಗಳು.

ನಮ್ಮ ರಾಣಿ ಪಾಯಿಂಟರ್ ತಳಿಯ ಬೇಟೆನಾಯಿ, ನಾಲ್ಕು ವರ್ಷ. ಬೇಟೆಯ ಸೀಸನ್ನಿನಲ್ಲಿ ವಾರಕ್ಕೆ ನಾಲ್ಕು ದಿನ, ದಿನಕ್ಕೆ ನಾಲ್ಕೈದು ಗಂಟೆ ಬಯಲಲ್ಲಿ ಇರುತ್ತಾಳೆ. ನಾನು ನೇರವಾಗಿ ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ ಅವಳು ವಾಸನೆ ಹಿಡಿದು ಆ ಕಡೆ ಈ ಕಡೆ ಓಡಿ ಅದರ ಎಷ್ಟೋ ಪಟ್ಟು ದೂರ ಹೋಗಿ ಬಂದಿರುತ್ತಾಳೆ. ಇಂಥ ನಾಯಿಗೆ ಮನೆನಾಯಿಯ ಊಟ ಸಾಲುವುದಿಲ್ಲ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಹೆಚ್ಚು ಹೊತ್ತು ಓಡುವ ನಾಯಿ ಮುಖ್ಯವಾಗಿ ಕೊಬ್ಬನ್ನು ಉರಿಸಿ ಓಡುತ್ತದೆ. ಹಾಗಾಗಿ ನಾನು ಸೀಸನ್ನಿನಲ್ಲಿ ಯಾವಾಗಲೂ ನೂರಕ್ಕೆ ಪ್ರೋಟೀನ್ 30, ಕೊಬ್ಬು 20 ಇರುವ ಡ್ರೈ ಫುಡ್ಡನ್ನೇ (ಒಣ ಕಾಳಿನ ಆಹಾರ) ಹಾಕುವುದು. ಈ ಸಲ ನಾನು ತರಿಸುತ್ತಿದ್ದ ಬ್ರಾಂಡು ಸಿಗಲಿಲ್ಲ. ಸೀಸನ್ ಶುರುವಾಗಲು ಹತ್ತು ದಿನ ಇತ್ತು. ಅವಸರ ನನ್ನದು. ಅಲ್ಲೇ ತಪ್ಪಿದ್ದು.

ಪರಿಚಯದವರೊಬ್ಬರು ಒಬ್ಬ ಮಾರಾಟಗಾರನ ನಂಬರ್ ಕೊಟ್ಟರು. ಫೋನ್ ಮಾಡಿದೆ. ಎಲ್ಲಾ ಬಿಡಿಸಿ ಹೇಳಿದೆ. ಪಾಯಿಂಟರ್, 24 ಕೆ.ಜಿ., ಇಷ್ಟು ಗಂಟೆ ಓಡುತ್ತಾಳೆ, 30/20 ಬೇಕು, ಅದಕ್ಕಿಂತ ಕಡಿಮೆ ಬೇಡ. ಅವನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೇಳಿದ, "ಸರ್, ನಿಮ್ಮಂಥವರಿಗೆ ಅಂತಲೇ ತರಿಸಿದ್ದು. ಬೇಟೆ ನಾಯಿ ಇಟ್ಟವರೆಲ್ಲ ನಮ್ಮ ಹತ್ರಾನೇ ತಗೊಳ್ಳೋದು." ಮೂರು ಚೀಲ ಒಟ್ಟಿಗೆ ತಗೊಂಡರೆ ದರ ಇಳಿಸುತ್ತೇನೆ ಅಂದ. 15 ಕೆ.ಜಿ.ಯ ಮೂರು ಚೀಲ ತಂದೆ.

ಚೀಲದ ಮುಂದೆ ಅಂಗೈಗಿಂತ ದೊಡ್ಡ ಬಿಳಿ ಸ್ಟಿಕರ್. ದಪ್ಪ ಅಕ್ಷರದಲ್ಲಿ "ವರ್ಕಿಂಗ್ ಡಾಗ್, ಪ್ರೋಟೀನ್ 30, ಕೊಬ್ಬು 20". ಕೆಳಗೆ "ಮೊದಲ ಪದಾರ್ಥ ಕೋಳಿ ಮಾಂಸ". ಸ್ಟಿಕರ್ ಯಾಕೆ ಅಂತ ನಾನು ಕೇಳಿದೆ. ಕೇಳಲಿಲ್ಲ ಅಂತ ಯಾರೂ ಹೇಳಬೇಡಿ, ಕೇಳಿದೆ. "ಚೀಲದ ಮೇಲೆ ಇರೋದು ಬೇರೆ ದೇಶದ ಭಾಷೆ ಸರ್, ಜನರಿಗೆ ಅರ್ಥ ಆಗಲಿ ಅಂತ ನಾವೇ ಬರೆಸಿ ಅಂಟಿಸಿದ್ದೀವಿ" ಅಂದ. ಆಮದು ಮಾಲಿಗೆ ಹಾಗೆ ಅಂಟಿಸುವುದು ಇದ್ದದ್ದೇ ಅಲ್ವಾ. ನಂಬಿದೆ.

ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಾ ಎಂಟು ದಿನದಲ್ಲಿ ಪೂರ್ತಿ ಬದಲಾಯಿಸಿದೆ. ದಿನಕ್ಕೆ 450 ಗ್ರಾಂ. ಮೊದಲ ಎರಡು ವಾರ ಏನೂ ಗೊತ್ತಾಗಲಿಲ್ಲ. ಒಂದೇ ಒಂದು ವಿಷಯ, ಮಲ ಜಾಸ್ತಿ. ಮೊದಲು ದಿನಕ್ಕೆ ಎರಡು ಸಲ ಗಟ್ಟಿಯಾಗಿ ಹೋಗುತ್ತಿದ್ದವಳು ಈಗ ನಾಲ್ಕು ಸಲ, ರಾಶಿ ರಾಶಿ, ಮೆತ್ತಗೆ. ಹೊಸ ಊಟ, ಹೊಂದಿಕೊಳ್ಳುತ್ತದೆ ಅಂದುಕೊಂಡೆ. ನಾಲ್ಕನೇ ವಾರದ ಹೊತ್ತಿಗೆ ಬಯಲಲ್ಲಿ ಎರಡು ಗಂಟೆಗೆ ಸುಸ್ತು. ಒಂದು ದಿನ ಹುಲ್ಲಿನ ನಡುವೆ ಕುಳಿತುಬಿಟ್ಟಳು. ನಾನು ಸೀಟಿ ಊದಿದೆ. ಎದ್ದಳು. ಮತ್ತೆ ಕುಳಿತಳು. ನಾನು ಗದರಿಸಿದೆ. ಎದ್ದು ಓಡಿದಳು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಹಸಿದ ನಾಯಿಯನ್ನು ಗದರಿಸಿ ಓಡಿಸಿದ್ದೇನೆ.

ಅವನಿಗೆ ಫೋನ್ ಮಾಡಿದೆ. "ಸರ್, ಸೀಸನ್ನಲ್ಲಿ ಎಲ್ಲಾ ನಾಯೀನೂ ಸ್ವಲ್ಪ ಇಳೀತವೆ. ಜಾಸ್ತಿ ಹಾಕಿ." ಜಾಸ್ತಿ ಹಾಕಿದೆ. 600 ಗ್ರಾಂ. ಮಲ ಇನ್ನೂ ಜಾಸ್ತಿ ಆಯಿತು, ಹೊಟ್ಟೆಯಲ್ಲಿ ಗಾಳಿ, ನೀರು ಕುಡಿದದ್ದೇ ಕುಡಿದದ್ದು. ಮತ್ತೆ ಫೋನ್. "ಹೊಟ್ಟೆಹುಳು ಇರಬೇಕು ಸರ್, ಮಾತ್ರೆ ಹಾಕಿ." ಹಾಕಿದೆ. ಅವನು ಹೇಳಿದ್ದನ್ನೆಲ್ಲ ಮಾಡಿದೆ. ರಾಣಿಯ ಬೆನ್ನು ಸವರಿದರೆ ಮೂಳೆ ಒಂದೊಂದಾಗಿ ಕೈಗೆ ಸಿಗುತ್ತಿತ್ತು. ಪಕ್ಕೆಲುಬು ಕೈಗೆ ಸಿಗಬೇಕು ನಿಜ, ಬೇಟೆನಾಯಿಗೆ ಅದು ಒಳ್ಳೆಯದೇ, ಆದರೆ ಇವಳದ್ದು ದೂರದಿಂದಲೇ ಎಣಿಸುವ ಹಾಗೆ ಕಾಣುತ್ತಿತ್ತು. ಕೂದಲು ಒರಟಾಗಿತ್ತು.

ಎಂಟನೇ ವಾರ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆ. 22 ಕೆ.ಜಿ. ಮಲ ಪರೀಕ್ಷೆ, ರಕ್ತ ಪರೀಕ್ಷೆ ಎಲ್ಲಾ ಸರಿ ಇತ್ತು. ಹುಳು ಇಲ್ಲ. ಬೆಳಗ್ಗೆ ಓಡಲು ಶಕ್ತಿ ಬರಲಿ ಅಂತ ಹೊರಡುವ ಮುಂಚೆ ಒಂದು ಬಟ್ಟಲು ಜಾಸ್ತಿ ಹಾಕುತ್ತಿದ್ದೇನೆ ಅಂದಾಗ ಡಾಕ್ಟರ್ ಬೈದರು. ಎದೆ ಆಳ ಇರುವ ಇಂಥ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಮೊದಲೇ ಜಾಸ್ತಿ, ಹೊಟ್ಟೆ ತುಂಬ ತಿನ್ನಿಸಿ ಓಡಿಸುತ್ತೀರಾ, ಹಾಗೆ ಆದರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ ಅಂದರು. ತಲೆ ತಗ್ಗಿಸಿದೆ. ಆಮೇಲೆ, "ಚೀಲದ ಹಿಂದಿನ ಪಟ್ಟಿಯ ಫೋಟೋ ಕಳಿಸಿ" ಅಂದರು.

ಮನೆಗೆ ಬಂದು ಖಾಲಿ ಚೀಲ ತೆಗೆದೆ. ಹಿಂದಿನ ಪಟ್ಟಿಯ ಮೇಲೂ ಅದೇ ಬಿಳಿ ಸ್ಟಿಕರ್. ಎರಡು ತಿಂಗಳಲ್ಲಿ ಒಮ್ಮೆಯೂ ಹಿಂದೆ ತಿರುಗಿಸಿ ನೋಡಿರಲಿಲ್ಲ ನಾನು. ಜಿಡ್ಡು ಹತ್ತಿ ಒಂದು ಮೂಲೆ ಎದ್ದಿತ್ತು. ಉಗುರಿನಿಂದ ಎಬ್ಬಿಸಿದೆ. ಅರ್ಧ ಬಂತು, ಅರ್ಧ ಹರಿದು ಅಂಟು ಉಳಿಯಿತು. ಭಾಷೆ ನನಗೆ ಬರುವುದಿಲ್ಲ, ಆದರೆ ಅಂಕಿ ಬರುತ್ತದೆ, ಪದಗಳನ್ನು ಫೋನಿನ ಕ್ಯಾಮೆರಾ ಹಿಡಿದು ಅನುವಾದ ಮಾಡಿಸಿದೆ. ಪ್ರೋಟೀನ್ 21. ಕೊಬ್ಬು 8. ನಾರು 7. ಪದಾರ್ಥಗಳಲ್ಲಿ ಮೊದಲು ಮೆಕ್ಕೆಜೋಳ, ಆಮೇಲೆ ಗೋಧಿ ತೌಡು. ಕೋಳಿ ನಾಲ್ಕನೆಯದು.

ಕೈ ನಡುಗುತ್ತಿತ್ತು. ಚೀಲ ತಿರುಗಿಸಿ ಮುಂದಿನ ದೊಡ್ಡ ಸ್ಟಿಕರನ್ನೂ ಕಿತ್ತೆ. ಕೆಳಗೆ ಒಂದು ಚಿತ್ರ ಇತ್ತು. ಚಾಪೆಯ ಮೇಲೆ ಮಲಗಿದ ದಪ್ಪ ನಾಯಿ. ಅಲ್ಲಿನ ಅಕ್ಷರವನ್ನೂ ಹಾಗೇ ಅನುವಾದ ಮಾಡಿಸಿದೆ. "ಕಡಿಮೆ ಓಡಾಡುವ ನಾಯಿಗಳಿಗೆ. ತೂಕ ಇಳಿಸಲು."

ತೂಕ ಇಳಿಸಲು! ನಾಲ್ಕೈದು ಗಂಟೆ ಓಡುವ ನಾಯಿಗೆ ನಾನು ಎರಡು ತಿಂಗಳು ತೂಕ ಇಳಿಸುವ ಊಟ ಹಾಕಿದ್ದೇನೆ. ಆ ಚೀಲ ಹಿಡಿದು ಎಷ್ಟು ಹೊತ್ತು ಕುಳಿತಿದ್ದೆನೋ ಗೊತ್ತಿಲ್ಲ. ರಾಣಿ ಪಕ್ಕದಲ್ಲೇ ಬಂದು ಖಾಲಿ ಚೀಲದೊಳಗೆ ಮೂತಿ ಹಾಕಿ ನೆಕ್ಕುತ್ತಿದ್ದಳು.

ದಿನಾಂಕದ ಮೇಲೂ ಒಂದು ಸಣ್ಣ ಚೀಟಿ ಅಂಟಿಸಿದ್ದ. ಅದರ ಕೆಳಗಿನ ದಿನಾಂಕ ನಾನು ಚೀಲ ತರುವ ಮೊದಲೇ ಮುಗಿದಿತ್ತು. ಮೂರನೇ ಚೀಲ ಒಡೆದು ಒಂದು ಹಿಡಿ ಕಾಳು ಕೈಯಲ್ಲಿ ಪುಡಿ ಮಾಡಿ ಮೂಸಿದೆ. ಹಳೇ ಎಣ್ಣೆಯ ಕಮಟು ವಾಸನೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಲೆಕ್ಕ ಹಾಕಿ ನೋಡಿ. ಚೀಲದ ಮೇಲೆ ಕಾರ್ಬ್ (ಪಿಷ್ಟ, ಸಕ್ಕರೆಯ ಅಂಶ) ಎಷ್ಟು ಅಂತ ಸಾಮಾನ್ಯವಾಗಿ ಬರೆಯುವುದಿಲ್ಲ, ನಾವೇ ಕಳೆಯಬೇಕು. 100ರಲ್ಲಿ ಪ್ರೋಟೀನ್, ಕೊಬ್ಬು, ನಾರು, ತೇವ, ಬೂದಿ (ಖನಿಜಾಂಶ) ಕಳೆದರೆ ಉಳಿದದ್ದು ಕಾರ್ಬ್. ತೇವ 10, ಬೂದಿ 7 ಅಂತ ಹಿಡಿದರೆ ಇದರಲ್ಲಿ 47 ಭಾಗ ಹಿಟ್ಟೇ. ಪ್ರೋಟೀನ್ ಮತ್ತು ಕಾರ್ಬ್‌ಗೆ ಗ್ರಾಮಿಗೆ 3.5 ಕ್ಯಾಲರಿ, ಕೊಬ್ಬಿಗೆ 8.5. ಅಂದರೆ 100 ಗ್ರಾಮಿಗೆ ಸುಮಾರು 306. ನನ್ನ ಹಳೇ 30/20 ಆಹಾರದಲ್ಲಿ ಸುಮಾರು 380. ನಾನು 450 ಗ್ರಾಂ ಹಾಕಿ 1,700 ಕ್ಯಾಲರಿ ಕೊಟ್ಟೆ ಅಂದುಕೊಂಡಿದ್ದೆ, ಅವಳಿಗೆ ಸಿಕ್ಕಿದ್ದು 1,400 ಕೂಡ ಇಲ್ಲ. ಸುಮ್ನೆ ಮಲಗಿರುವ 24 ಕೆ.ಜಿ. ನಾಯಿಯ ದೇಹಕ್ಕೇ ಸುಮಾರು 760 ಬೇಕು, ಬಯಲಲ್ಲಿ ಓಡುವ ದಿನ ಅದರ ಎರಡು ಮೂರು ಪಟ್ಟು. ನಾರು ಜಾಸ್ತಿ ಇದ್ದದ್ದಕ್ಕೇ ಆ ರಾಶಿ ಮಲ. ಎಲ್ಲಾ ಕಣ್ಣ ಮುಂದೆಯೇ ಇತ್ತು.

ಆ ಆಹಾರ ವಿಷ ಅಂತ ನಾನು ಹೇಳುತ್ತಿಲ್ಲ. ಪ್ರಾಣಿಗಳ ಆಹಾರಕ್ಕೆ ಮಾನದಂಡ ಹಾಕುವ ಅಮೆರಿಕದ ಆಫ್ಕೋ (AAFCO) ಸಂಸ್ಥೆಯ ಲೆಕ್ಕದಲ್ಲಿ ಪೂರ್ತಿ ಬೆಳೆದ ನಾಯಿಯ ದಿನನಿತ್ಯದ ಊಟಕ್ಕೆ, ತೇವ ಬಿಟ್ಟು ಲೆಕ್ಕ ಹಾಕಿದರೆ, ಪ್ರೋಟೀನ್ 18, ಕೊಬ್ಬು 5.5 ಇದ್ದರೆ ಸಾಕು. ದಿನಾಂಕ ಮುಗಿಯದೆ ಇದ್ದರೆ ಮನೆಯಲ್ಲಿ ಮಲಗುವ ದಪ್ಪ ನಾಯಿಗೆ ಅದು ಸರಿಯಾದ ಊಟವೇ. ತಯಾರಿಸಿದವರು ಸರಿಯಾಗಿಯೇ ಬರೆದಿದ್ದರು. ಅದರ ಮೇಲೆ ಸುಳ್ಳು ಅಂಟಿಸಿದವನು ಇವನು.

ಫೋಟೋ ಕಳಿಸಿದೆ. ಅವನ ಉತ್ತರಗಳನ್ನು ಒಂದೂ ಬಿಡದೆ ಬರೆಯುತ್ತೇನೆ.

ಮೊದಲು, "ಎರಡೂ ಒಂದೇ ಸರ್, ಹೆಸರು ಮಾತ್ರ ಬೇರೆ." 30 ಮತ್ತು 21 ಹೇಗಪ್ಪಾ ಒಂದೇ ಆಗುತ್ತದೆ ಅಂದೆ. ಒಂದು ಗಂಟೆ ಬಿಟ್ಟು, "ಅದು ಹಳೇ ಚೀಲ ಸರ್, ಒಳಗೆ ಇರೋದು ಹೊಸ ಮಾಲು." ಚೀಲದ ಬಾಯಿಗೆ ಕಾರ್ಖಾನೆಯ ಹೊಲಿಗೆ ಹಾಗೇ ಇತ್ತು, ನಾನೇ ಬಿಚ್ಚಿದ್ದು. ಅದರ ಫೋಟೋನೂ ಕಳಿಸಿದೆ. ಆಗ, "ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ. ನಿಮ್ಮ ನಾಯಿಗೇ ಏನೋ ತೊಂದರೆ ಇದೆ." ರಕ್ತ ಪರೀಕ್ಷೆಯ ವರದಿ ಕಳಿಸಿದೆ. ಅದಕ್ಕೆ ಉತ್ತರ ಇಲ್ಲ. ಮರುದಿನ ಬೆಳಗ್ಗೆ, "ಮೂರನೇ ಚೀಲ ತನ್ನಿ, ಬದಲಾಯಿಸಿ ಕೊಡ್ತೀನಿ. ಒಡೆದಿದ್ರೆ, ಸ್ಟಿಕರ್ ಕಿತ್ತಿದ್ರೆ ವಾಪಸ್ ತಗೊಳ್ಳಲ್ಲ." ಸ್ಟಿಕರ್ ಕಿತ್ತಿದ್ದರೆ ತಗೊಳ್ಳಲ್ಲವಂತೆ! ಕೀಳದೆ ಗೊತ್ತಾಗುವುದಾದರೂ ಹೇಗೆ?

ಕೊನೆಯದ್ದು ಎಲ್ಲಕ್ಕಿಂತ ಜಾಸ್ತಿ ಚುಚ್ಚಿದ್ದು. "ಎಂಟು ವರ್ಷ ನಾಯಿ ಸಾಕಿದೀನಿ ಅಂತೀರಾ, ನೋಡಿ ತಗೋಬೇಕಿತ್ತು ತಾನೆ." ಆಮೇಲೆ ಬ್ಲಾಕ್ ಮಾಡಿದ. ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಹೌದು, ನೋಡಬೇಕಿತ್ತು. ಆದರೆ ನೋಡದ ಹಾಗೆ ಮುಚ್ಚಿದವನು ಅದನ್ನು ಹೇಳುವುದೇ?

ಈಗ ಬೇರೆ ಕಡೆಯಿಂದ 30/20 ತರಿಸಿ ಹಾಕುತ್ತಿದ್ದೇನೆ. ರಾಣಿ 23 ಕೆ.ಜಿ.ಗೆ ಬಂದಿದ್ದಾಳೆ. ಸೀಸನ್ ಹೋಯಿತು. ಡಾಕ್ಟರ್ ಹೇಳಿದ ಹಾಗೆ ಓಡಿ ಬಂದು ಚೆನ್ನಾಗಿ ತಣಿದ ಮೇಲೆ ಸಂಜೆ ದೊಡ್ಡ ಊಟ, ಓಡುವ ಮುಂಚೆ ಹೊಟ್ಟೆ ಹಗುರ.

ನೀವು ತಗೊಳ್ಳುವಾಗ ಚೀಲವನ್ನು ಮುಂದೆ ಹಿಂದೆ ತಿರುಗಿಸಿ ನೋಡಿ. ಕಂಪನಿಯೇ ಅಚ್ಚು ಹಾಕಿದ ಅಂಕಿ, ಬ್ಯಾಚ್ ನಂಬರ್, ದಿನಾಂಕ ಕಾಣದಿದ್ದರೆ ತರಲೇಬೇಡಿ. ಪ್ರೋಟೀನ್ ಒಂದನ್ನೇ ನೋಡಿ ಕುಣಿಯಬೇಡಿ, ಓಡುವ ನಾಯಿಗೆ ಕೊಬ್ಬು ಎಷ್ಟು ಅಂತ ಕೇಳಿ. ಪ್ರೋಟೀನ್ ಅಂಕಿಯೂ ನೈಟ್ರೋಜನ್ ಅಳೆದು 6.25ರಿಂದ ಗುಣಿಸಿ ಬರೆಯುವುದು, ಅದು ಮಾಂಸದ್ದೋ ಜೋಳದ್ದೋ ಅಂತ ಆ ಅಂಕಿ ಹೇಳುವುದಿಲ್ಲ. 2007ರಲ್ಲಿ ಮೆಲಮೈನ್ ಅನ್ನುವ ನೈಟ್ರೋಜನ್ ತುಂಬಿದ ಕೈಗಾರಿಕಾ ರಾಸಾಯನಿಕ ಬೆರೆಸಿ ಇದೇ ಅಂಕಿ ಏರಿಸಿದ್ದರಿಂದ ಎಷ್ಟೋ ನಾಯಿ ಬೆಕ್ಕುಗಳು ಸತ್ತವು. "ಮೊದಲ ಪದಾರ್ಥ ಕೋಳಿ" ಅನ್ನುವುದಕ್ಕೂ ಮರುಳಾಗಬೇಡಿ, ಪಟ್ಟಿ ಬರೆಯುವುದು ತೂಕದ ಕ್ರಮದಲ್ಲಿ, ಹಸಿ ಮಾಂಸದ ತೂಕದಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ ಇರುತ್ತದೆ. ಒಂದೇ ಸಲ ಮೂರು ಚೀಲ ತರಬೇಡಿ. ಹದಿನೈದು ದಿನಕ್ಕೊಮ್ಮೆ ತೂಕ ನೋಡಿ. ಮತ್ತು ನಾಯಿ ಕುಳಿತರೆ ಗದರಿಸಬೇಡಿ.

ಅಂಥ ಬಿಳಿ ಸ್ಟಿಕರ್ ಇರುವ ಚೀಲ ನಿಮ್ಮ ಮನೆಯಲ್ಲಿದ್ದರೆ ಇವತ್ತೇ ಕಿತ್ತು ನೋಡಿ. ಬರದಿದ್ದರೆ ಹೇರ್ ಡ್ರೈಯರಿನ ಬಿಸಿ ಗಾಳಿಯನ್ನು ಒಂದು ನಿಮಿಷ ಹಿಡಿಯಿರಿ, ಅಂಟು ಸಡಿಲ ಆಗಿ ಸ್ಟಿಕರ್ ಹರಿಯದೆ ಪೂರ್ತಿ ಬರುತ್ತದೆ. ಬಂದ ಸ್ಟಿಕರನ್ನು ಎಸೆಯಬೇಡಿ, ಚೀಲದ ಪಕ್ಕ ಇಟ್ಟು ಫೋಟೋ ತೆಗೆದಿಡಿ.