ರೀಪರ್‌ನಲ್ಲಿ ಮಿಡಿ ಫೈಲುಗಳ ತಿದ್ದುಪಡಿ ಮತ್ತು ಉಳಿಸುವಿಕೆ: ಮೂರು ವರ್ಷಗಳ ಬಳಕೆಯ ನಂತರ

ಚಿಕ್ಕಮಗಳೂರಿನಲ್ಲಿ ಭಾವಗೀತೆ ಮತ್ತು ಜನಪದ ಗೀತೆಗಳ ಕಾರ್ಯಕ್ರಮಗಳಿಗೆ ಕೀಬೋರ್ಡ್ ನುಡಿಸುವ ನಾನು, ಹಾಡುಗಳ ಹಿನ್ನೆಲೆ ಟ್ರ್ಯಾಕ್‌ಗಳನ್ನು ಮನೆಯ ಕಂಪ್ಯೂಟರಿನಲ್ಲಿ ಸಿದ್ಧಪಡಿಸಲು ಮೂರು ವರ್ಷಗಳಿಂದ ರೀಪರ್ ಎಂಬ ತಂತ್ರಾಂಶವನ್ನು ಬಳಸುತ್ತಿದ್ದೇನೆ. ಒಂದು ಕಾಲಕ್ಕೆ ನಮ್ಮೆಲ್ಲರ ಕಂಪ್ಯೂಟರಿನಲ್ಲಿದ್ದ ವಿನ್‌ಆಂಪ್ ಎಂಬ ಹಾಡು ಕೇಳುವ ತಂತ್ರಾಂಶ ರೂಪಿಸಿದ ಜಸ್ಟಿನ್ ಫ್ರಾಂಕೆಲ್ ಅವರೇ ಇದನ್ನೂ ರೂಪಿಸಿದವರು. ಗಾಯನದ ಧ್ವನಿಮುದ್ರಣಕ್ಕೆ ಇದು ಹೇಗೆ ಒದಗುತ್ತದೆ ಎಂಬುದನ್ನು ಇಲ್ಲಿ ಚರ್ಚಿಸುವುದಿಲ್ಲ. ಮಿಡಿ ಫೈಲನ್ನು ತಿದ್ದಿ, ಸರಿಯಾಗಿ ಉಳಿಸಿ, ಬೇರೊಂದು ಊರಿನ ಬೇರೊಂದು ಕೀಬೋರ್ಡಿನಲ್ಲಿ ನುಡಿಸುವ ಕೆಲಸಕ್ಕೆ ಇದು ಎಷ್ಟು ನಂಬಿಕಸ್ಥ ಎಂಬುದಷ್ಟೇ ನನ್ನ ವಿಷಯ.

ಮಿಡಿ ಫೈಲಿನಲ್ಲಿ ಶಬ್ದವಿರುವುದಿಲ್ಲ. ಕೀಬೋರ್ಡಿನ ಯಾವ ಮನೆಯನ್ನು (ಕೀಲಿಯನ್ನು) ಯಾವಾಗ, ಎಷ್ಟು ಬಲದಿಂದ ಒತ್ತಬೇಕು, ಯಾವಾಗ ಬಿಡಬೇಕು ಎಂಬ ಸೂಚನೆಗಳು ಮಾತ್ರ ಇರುತ್ತವೆ. ಆದ್ದರಿಂದಲೇ ಒಂದು ಇಡೀ ಹಾಡು ಕೆಲವೇ ಹತ್ತು ಕೆಬಿಗಳಲ್ಲಿ ಮುಗಿಯುತ್ತದೆ, ಮತ್ತು ಗಾಯಕಿಯ ಗಂಟಲು ಕಟ್ಟಿದ ದಿನ ಐದೂವರೆ ಶ್ರುತಿಯ ಹಾಡನ್ನು ಐದಕ್ಕೆ ಇಳಿಸಲು ಎಲ್ಲ ಸ್ವರಗಳನ್ನು ಆಯ್ದು ಒಂದು ಮನೆ ಕೆಳಗೆ ಸರಿಸಿದರೆ ಸಾಕಾಗುತ್ತದೆ. ಹಾಗೆ ಸರಿಸುವಾಗ ತಾಳವಾದ್ಯದ ಟ್ರ್ಯಾಕನ್ನು ಮಾತ್ರ ಮುಟ್ಟಬಾರದು. ಒಂದೊಂದು ವಾದ್ಯದ ಸೂಚನೆಗಳನ್ನು ಬೇರೆಬೇರೆಯಾಗಿ ಸಾಗಿಸುವ ದಾರಿಗೆ ಚಾನೆಲ್ ಎನ್ನುತ್ತಾರೆ. ಸಾಮಾನ್ಯವಾಗಿ ತಾಳವಾದ್ಯಗಳಿಗೆ ಮೀಸಲಾದ ಹತ್ತನೇ ಚಾನೆಲ್‌ನಲ್ಲಿ ಒಂದೊಂದು ಮನೆಯೂ ಒಂದೊಂದು ವಾದ್ಯವಾಗಿರುವುದರಿಂದ, ಒಂದು ಮನೆ ಸರಿದರೆ ಅಲ್ಲಿ ಶ್ರುತಿಯ ಬದಲು ವಾದ್ಯವೇ ಬದಲಾಗುತ್ತದೆ.

ತಿದ್ದುಪಡಿಯ ವಿಷಯದಲ್ಲಿ ರೀಪರ್ ನನಗೆ ಬಹಳ ಹಿಡಿಸಿದೆ. ರೆಕಾರ್ಡ್ ಮಾಡಿದ ಮಿಡಿ ತುಣುಕಿನ ಮೇಲೆ ಎರಡು ಬಾರಿ ಕ್ಲಿಕ್ಕಿಸಿದರೆ ಪಿಯಾನೋ ರೋಲ್ ತೆರೆದುಕೊಳ್ಳುತ್ತದೆ. ಸ್ವರಗಳು ಮೇಲೆ ಪಟ್ಟಿಗಳಾಗಿ, ಅವುಗಳ ಬಲ ಕೆಳಗೆ ಕಡ್ಡಿಗಳಾಗಿ ಕಾಣಿಸುತ್ತವೆ. ತಾಳಕ್ಕೆ ಕೂರಿಸುವ ಕ್ವಾಂಟೈಸ್ ಸೌಲಭ್ಯದಲ್ಲಿ ಎಷ್ಟು ಶೇಕಡಾ ಕೂರಿಸಬೇಕು ಎಂಬುದನ್ನು ನಾವೇ ನಿರ್ಧರಿಸಬಹುದೆಂಬುದು ನಮ್ಮ ಸಂಗೀತಕ್ಕೆ ದೊಡ್ಡ ಅನುಕೂಲ. ಮಿಶ್ರಛಾಪು ತಾಳದ ಏಳು ಅಕ್ಷರಗಳನ್ನು ಪೂರ್ತಿ ನೂರರಷ್ಟು ಕೂರಿಸಿದರೆ ನಡೆ ಸತ್ತುಹೋಗುತ್ತದೆ. ನಾನು ಅರವತ್ತರ ಆಸುಪಾಸಿನಲ್ಲಿ ನಿಲ್ಲಿಸುತ್ತೇನೆ, ಆಗ ತಪ್ಪು ತಿದ್ದಿದಂತೆಯೂ ಆಗುತ್ತದೆ, ಕೈಯ ಗುಣ ಉಳಿದಂತೆಯೂ ಆಗುತ್ತದೆ.

ನಮ್ಮ ಸಂಗೀತಕ್ಕೆ ನಿಜವಾಗಿ ಬೇಕಾದದ್ದು ಗಮಕ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ, ತೂಗುವ ಪರಿ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನನ್ನ ಮೊದಲ ದೊಡ್ಡ ತಪ್ಪು ನಡೆದದ್ದು ಇಲ್ಲಿಯೇ. ರೀಪರ್‌ನ ಸಂಪಾದಕದಲ್ಲಿ ಪಿಚ್ ಬೆಂಡ್‌ಗೆ ಪ್ರತ್ಯೇಕ ಪಟ್ಟಿಯಿದ್ದು, ಅದರ ಮೇಲೆ ಮೌಸ್‌ನಿಂದ ರೇಖೆ ಎಳೆದು ಸ್ವರವನ್ನು ಜಾರಿಸಬಹುದು. ಸೊನ್ನೆ ಎಂದರೆ ಸ್ವರ ಇದ್ದಲ್ಲಿಯೇ ಇದೆ ಎಂದರ್ಥ. ಮೇಲಿನ ತುದಿ 8191, ಕೆಳಗಿನ ತುದಿ −8192. ಸಾಮಾನ್ಯವಾಗಿ ಕೀಬೋರ್ಡುಗಳು ಆ ತುದಿಯನ್ನು ಎರಡು ಮನೆಗಳ ಅಂತರವೆಂದು ಭಾವಿಸುತ್ತವೆ. ಮೋಹನ ರಾಗದಲ್ಲಿ ರಿಷಭದಿಂದ ಗಾಂಧಾರಕ್ಕೆ ಜಾರಲು ಸರಿಯಾಗಿ ಎರಡು ಮನೆ ಸಾಕು, ರೇಖೆಯನ್ನು ತುದಿಗೆ ಮುಟ್ಟಿಸಿದರೆ ಗಾಂಧಾರ ನಿಲ್ಲುತ್ತದೆ. ಆದರೆ ಅದೇ ರಾಗದ ಗಾಂಧಾರದಿಂದ ಪಂಚಮಕ್ಕೆ ಮೂರು ಮನೆಗಳಿವೆ, ತುದಿ ಮುಟ್ಟಿದರೂ ಪಂಚಮ ಸಿಗುವುದಿಲ್ಲ. ಆದ್ದರಿಂದ ನಾನು ಮನೆಯಲ್ಲಿ ಬಳಸುವ ವಾದ್ಯದ ಪ್ಲಗಿನ್‌ನಲ್ಲಿ (ರೀಪರ್‌ನೊಳಗೆ ವಾದ್ಯದ ಶಬ್ದ ಹೊರಡಿಸುವ ಚಿಕ್ಕ ತಂತ್ರಾಂಶದಲ್ಲಿ) ಬೆಂಡ್‌ನ ವ್ಯಾಪ್ತಿಯನ್ನು ಹನ್ನೆರಡು ಮನೆಗೆ ಹೆಚ್ಚಿಸಿಕೊಂಡೆ. ಈಗ ಮೂರು ಮನೆಯಷ್ಟು ಜಾರಲು ರೇಖೆ 2048ರವರೆಗೆ ಏರಿದರೆ ಸಾಕಾಯಿತು, ಕೊಳಲು ಹಾಡಿದಂತೆಯೇ ಕೇಳಿಸಿತು.

ಆ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಕಡೂರು ಕಡೆಯ ಗಣೇಶೋತ್ಸವವೊಂದಕ್ಕೆ ಹೋಗಿ, ಅಲ್ಲಿದ್ದ ಕೀಬೋರ್ಡಿಗೆ ಹಾಕಿ ನುಡಿಸಿದೆ. ವೇದಿಕೆಯಿಂದ ಇಳಿದ ಮೇಲೆ ಗಾಯಕಿ, "ಮೇಷ್ಟ್ರೇ, ಪೀಠಿಕೇಲಿ ಪಂಚಮ ಎಲ್ಲೋಯ್ತು?" ಎಂದು ಕೇಳಿದರು. ಅವರು ಕೇಳಿದ್ದು ಸರಿಯಾಗಿತ್ತು. ಆ ಕೀಬೋರ್ಡಿನ ಪಾಲಿಗೆ ಪೂರ್ತಿ ಬೆಂಡ್ ಎಂದರೆ ಎರಡೇ ಮನೆ; 2048 ಅದರ ಕಾಲುಭಾಗ, ಅಂದರೆ ಅರ್ಧ ಮನೆ. ಪಂಚಮಕ್ಕೆ ಹೋಗಬೇಕಿದ್ದ ಜಾರು ಗಾಂಧಾರದ ಪಕ್ಕದಲ್ಲಿಯೇ ಅಪಸ್ವರವಾಗಿ ನಿಂತಿತ್ತು. ವ್ಯಾಪ್ತಿಯನ್ನು ನಾನು ಪ್ಲಗಿನ್‌ನಲ್ಲಿ ಬದಲಿಸಿದ್ದೆನೇ ಹೊರತು ಫೈಲಿನಲ್ಲಿ ಬರೆದಿರಲಿಲ್ಲ. ಈಗ ಪ್ರತಿ ಟ್ರ್ಯಾಕಿನ ಆರಂಭದಲ್ಲಿ, ಮೊದಲ ಸ್ವರಕ್ಕಿಂತ ಮುಂಚೆ, ಕಂಟ್ರೋಲರ್ (ವಾದ್ಯದ ಹೊಂದಾಣಿಕೆ ಬದಲಿಸುವ, ಸಂಖ್ಯೆಯಿಂದ ಗುರುತಿಸುವ ಸೂಚನೆ) 101ಕ್ಕೆ 0, 100ಕ್ಕೆ 0, 6ಕ್ಕೆ 12 ಎಂಬ ಮೂರು ಸೂಚನೆಗಳನ್ನು ಇದೇ ಕ್ರಮದಲ್ಲಿ, ಒಂದರ ಹಿಂದೊಂದು ಸ್ವಲ್ಪ ಅಂತರವಿಟ್ಟು ಸೇರಿಸುತ್ತೇನೆ. ಈ ಸೂಚನೆಯನ್ನು ಅರಿಯುವ ಕೀಬೋರ್ಡು ತನ್ನ ಬೆಂಡ್‌ನ ವ್ಯಾಪ್ತಿಯನ್ನು ತಾನೇ ಹನ್ನೆರಡಕ್ಕೆ ಬದಲಿಸಿಕೊಳ್ಳುತ್ತದೆ. ಇಂಥ ಸೂಚನೆಗಳನ್ನು ಒಂದೊಂದಾಗಿ ಬರೆಯಲು, ನೋಡಲು, ಸರಿಸಲು ರೀಪರ್ ಪೂರ್ಣ ಅವಕಾಶ ಕೊಡುತ್ತದೆ ಎಂಬುದೇ ನಾನು ಇದನ್ನು ಬಿಟ್ಟು ಬೇರೆಡೆಗೆ ಹೋಗದಿರಲು ಮುಖ್ಯ ಕಾರಣ.

ಇನ್ನು ಉಳಿಸುವ ವಿಷಯ. ಹೊಸಬರು ಎಡವುವುದು ಇಲ್ಲಿ. ಕಂಟ್ರೋಲ್ ಮತ್ತು ಎಸ್ ಒತ್ತಿದಾಗ ಉಳಿಯುವುದು ರೀಪರ್‌ನ ಸ್ವಂತ ಪ್ರಾಜೆಕ್ಟ್ ಫೈಲೇ ಹೊರತು ಮಿಡಿ ಫೈಲಲ್ಲ. ಅದನ್ನು ಕೀಬೋರ್ಡಿಗೆ ಹಾಕಿದರೆ ಏನೂ ಕಾಣಿಸುವುದಿಲ್ಲ. ಫೈಲ್ ಮೆನುವಿನಲ್ಲಿ ಪ್ರಾಜೆಕ್ಟಿನ ಮಿಡಿಯನ್ನು ಎಕ್ಸ್‌ಪೋರ್ಟ್ ಮಾಡುವ ಆಯ್ಕೆ ಪ್ರತ್ಯೇಕವಾಗಿದೆ. ಅದು ತೆರೆಯುವ ಚಿಕ್ಕ ಕಿಟಕಿಯಲ್ಲಿ ಎರಡು ಸಂಗತಿಗಳನ್ನು ಪ್ರತಿ ಸಲವೂ ನೋಡಲೇಬೇಕು. ಮೊದಲನೆಯದು, ಪ್ರಾಜೆಕ್ಟಿನ ಲಯವನ್ನು ಫೈಲಿನೊಳಗೆ ಸೇರಿಸುವ ಗುರುತು. ಲಯದ ಸೂಚನೆಯಿಲ್ಲದ ಮಿಡಿ ಫೈಲನ್ನು ನಿಮಿಷಕ್ಕೆ 120 ಬೀಟ್ ಎಂದೇ ಭಾವಿಸಬೇಕೆಂಬುದು ನಿಯಮ, ಆದ್ದರಿಂದ 84ರಲ್ಲಿ ಸಾವಕಾಶವಾಗಿ ಸಾಗಬೇಕಾದ ಭಾವಗೀತೆ ಓಡತೊಡಗುತ್ತದೆ. ಎರಡನೆಯದು, ಎಲ್ಲವನ್ನೂ ಒಂದೇ ಟ್ರ್ಯಾಕಿಗೆ ಸೇರಿಸುವ ಟೈಪ್ 0 ಬೇಕೋ, ಟ್ರ್ಯಾಕ್‌ಗಳನ್ನು ಬೇರೆಬೇರೆಯಾಗಿಯೇ ಇಡುವ ಟೈಪ್ 1 ಬೇಕೋ ಎಂಬುದು. ಕೆಲವು ಕೀಬೋರ್ಡುಗಳು ಟೈಪ್ 0 ಮಾತ್ರ ಓದುತ್ತವೆ, ಮುಂದೆ ತಿದ್ದಲು ಟೈಪ್ 1 ಅನುಕೂಲ. ನಾನು ಎರಡನ್ನೂ ಉಳಿಸುತ್ತೇನೆ.

ಟೈಪ್ 0 ಮಾಡುವ ಮೊದಲು ಪ್ರತಿ ಟ್ರ್ಯಾಕಿಗೂ ಬೇರೆ ಬೇರೆ ಚಾನೆಲ್ ಕೊಟ್ಟಿರಬೇಕು. ಮನೆಯ ಕೀಬೋರ್ಡಿನಿಂದ ನುಡಿಸಿದ್ದೆಲ್ಲ ಸಾಮಾನ್ಯವಾಗಿ ಒಂದನೇ ಚಾನೆಲ್‌ನಲ್ಲಿಯೇ ದಾಖಲಾಗುವುದರಿಂದ, ಹಾಗೆಯೇ ಸೇರಿಸಿದರೆ ಕೊಳಲು, ಸಿತಾರ್ ಎಲ್ಲವೂ ಒಂದೇ ವಾದ್ಯವಾಗಿ ಕಲಸಿಹೋಗುತ್ತವೆ. ರೀಪರ್‌ನ ಟ್ರ್ಯಾಕ್ ಪಟ್ಟಿಯಲ್ಲಿ ಕಾಣುವ ಧ್ವನಿಮಟ್ಟದ ಫೇಡರ್ ಕೂಡ ಮಿಡಿ ಫೈಲಿಗೆ ಹೋಗುವುದಿಲ್ಲ, ಅದು ಕೆಲಸ ಮಾಡುವುದು ಪ್ಲಗಿನ್‌ನಿಂದ ಹೊರಬಂದ ಶಬ್ದದ ಮೇಲೆ. ವಾದ್ಯಗಳ ಹೆಚ್ಚು-ಕಡಿಮೆ ಫೈಲಿನಲ್ಲಿ ಉಳಿಯಬೇಕಾದರೆ ಕಂಟ್ರೋಲರ್ 7ರಲ್ಲಿ ಬರೆಯಬೇಕು.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೇಳದೆ ಕೇಳದೆ ಹೋಗುವುದರಿಂದ, ಇಷ್ಟಿಷ್ಟು ನಿಮಿಷಕ್ಕೊಮ್ಮೆ ತಾನಾಗಿ ಉಳಿಸುವ ಸೌಲಭ್ಯವನ್ನು ಪ್ರಿಫರೆನ್ಸಸ್‌ನಲ್ಲಿ ಮೊದಲ ದಿನವೇ ಚಾಲೂ ಮಾಡಿಕೊಂಡಿದ್ದೇನೆ. ಆಷಾಢದ ಎರಡು ರಾತ್ರಿಗಳ ಕೆಲಸ ಅದರಿಂದ ಉಳಿದಿದೆ.

ಕೊರತೆಗಳೂ ಇವೆ. ತಂತ್ರಾಂಶದ ಜೊತೆಗೆ ವಾದ್ಯಗಳ ಧ್ವನಿಭಂಡಾರ ಬರುವುದಿಲ್ಲ, ಶಬ್ದವನ್ನು ಕೃತಕವಾಗಿ ಹುಟ್ಟಿಸುವ ಸರಳವಾದ ಸಿಂಥ್ ಮಾತ್ರ ಸಿಗುತ್ತದೆ. ಸೌಂಡ್‌ಫಾಂಟ್ (ವಾದ್ಯಗಳ ಧ್ವನಿಮಾದರಿಗಳ ಫೈಲು) ಓದುವ ಪ್ಲಗಿನ್ ಒಂದನ್ನು ನಾವೇ ಹುಡುಕಿ ಸೇರಿಸಿಕೊಳ್ಳಬೇಕು. ಮೆನುಗಳು ಎಷ್ಟಿವೆ ಎಂದರೆ ಮೊದಲ ವಾರ ಯಾರಿಗಾದರೂ ಗಾಬರಿಯಾಗುತ್ತದೆ. ತಬಲಾ, ಮೃದಂಗಗಳ ವಿಷಯಕ್ಕೆ ರೀಪರನ್ನು ದೂರುವಂತಿಲ್ಲ: 1991ರಲ್ಲಿ ರೂಪುಗೊಂಡ ಜನರಲ್ ಮಿಡಿ ಎಂಬ ಸಾಮಾನ್ಯ ಮಾನದಂಡದ 128 ವಾದ್ಯಗಳ ಪಟ್ಟಿಯಲ್ಲಿ ಸಿತಾರ್, ಶಹನಾಯಿ ಇವೆ, ತಾಳವಾದ್ಯಗಳ ಪಟ್ಟಿಯಲ್ಲಿ ಬೋಂಗೋ ಇದೆ, ತಬಲಾ ಇಲ್ಲ. ಹಾಗಾಗಿ ತಾಳದ ಭಾಗವನ್ನು ನಾನು ಮಿಡಿಯಾಗಿ ಒಯ್ಯುವುದನ್ನು ಬಿಟ್ಟು, ತಬಲಾದವರನ್ನೇ ಜೊತೆಗೆ ಕರೆದೊಯ್ಯುತ್ತೇನೆ.

ಬೆಲೆ ನ್ಯಾಯವಾಗಿದೆ. 60 ದಿನ ಎಲ್ಲ ಸೌಲಭ್ಯಗಳೊಂದಿಗೆ ಉಚಿತವಾಗಿ ಬಳಸಿ ನೋಡಬಹುದು, ಆಮೇಲೆ ನಮ್ಮಂಥ ಚಿಕ್ಕ ಆದಾಯದವರಿಗೆ ಪರವಾನಗಿ 60 ಡಾಲರ್. ಪ್ರಯೋಗದ ಅವಧಿಯಲ್ಲಿಯೇ ಒಂದು ಹಾಡನ್ನು ಪೂರ್ತಿ ಮಾಡಿ, ಎಕ್ಸ್‌ಪೋರ್ಟ್ ಮಾಡಿದ ಫೈಲನ್ನು ಒಂದು ಖಾಲಿ ಪ್ರಾಜೆಕ್ಟಿಗೆ ಮತ್ತೆ ತಂದು ಹಾಕಿ ಕೇಳಿ. ತರುವಾಗ ಫೈಲಿನ ಲಯವನ್ನೂ ತೆಗೆದುಕೊಳ್ಳಲೇ ಎಂದು ಅದು ಕೇಳಿದರೆ ಒಪ್ಪಿಕೊಳ್ಳಿ. ನಾನು ಈಗ ಕಾರ್ಯಕ್ರಮದ ಹಿಂದಿನ ರಾತ್ರಿ ಹೀಗೆ ಕೇಳದೆ ಪೆನ್‌ಡ್ರೈವನ್ನು ಚೀಲಕ್ಕೆ ಹಾಕಿಕೊಳ್ಳುವುದಿಲ್ಲ.