ಗಂಜ್‌ನ್ಯಾಗಿನ ದನದ ಫೀಡ್ ಅಂಗಡಿ: ಮಾಲ್ ಛಲೋ ಅದ, ಮಾಲಕನ ಮಾತ್ ಕೇಳಬ್ಯಾಡ್ರಿ

5ಕ್ಕ 3 ಸ್ಟಾರ್. ಕಟ್ ಮಾಡಿದ್ ಎರಡೂ ಮಾಲಿಂದಲ್ಲ, ಮಾಲಕನ ಬಾಯಿಂದು. ಕಲಬುರಗಿ ಗಂಜ್‌ನ್ಯಾಗಿನ ಈ ಅಂಗಡಿಗಿ ನಾಕ್ ತಿಂಗಳಿಂದ ಹೋಗ್ಲಿಕತ್ತೀನಿ, ಹತ್ತಿಕಾಳ ಹಿಂಡಿ ತಾಜಾ ಇರ್ತದ, ಮುಗ್ಗಲ ವಾಸನಿ ಇಲ್ಲ, ತೂಕ ಬರಾಬರ್.

ಮೊದಲ್ನೇ ಸಲಾ ಗುಳಿಗಿ ಫೀಡ್ ತಗೊಂಡಾಗ ಮಾಲಕ, "ಹೊತ್ತಿಗಿ ಮೂರ್ ಕೆಜಿ ಹಾಕ್ರಿ ಅಣ್ಣಾರ, ಕಣಕಿ ಯಾಕ ಬೇಕ್ ಸುಮ್ನ, ನಾಳಿಗೇ ಹಾಲ್ ಏರ್ತಾವ" ಅಂದ. ನಮ್ಮೆಮ್ಮಿ ಹುಟ್ಟಿದಾಗಿಂದ ಜ್ವಾಳದ ಕಣಕಿ (ಒಣ ದಂಟು), ತೊಗರಿ ಹೊಟ್ಟು ತಿಂದು ಬೆಳೆದದ್ದು, ನಾ ಶಾಣ್ಯಾ ಆಗಿ ಒಮ್ಮೆಲೇ ಬದಲ್ ಮಾಡ್ದೆ. ಮೂರ್ನೇ ದಿನ ಮೆಲಕು ಹಾಕೋದೇ ಬಿಡ್ತು, ಹೆಂಡಿ ನೀರ್ ನೀರ್, ಹುಳಿ ವಾಸನಿ, ಕಿವಿ ಜೋತ್ ಬಿಟ್ಕೊಂಡ್ ನಿಂತಿತ್ತು ನೋಡ್ರಿ, ಊಟ ಸೇರ್ಲಿಲ್ಲ ನಮಗ.

ಡಾಕ್ಟರ್ ಬಂದು ಔಷಧ ಕೊಟ್ಟು ನನಗೇ ಬೈದ್ರು. ಕಣಕಿ ಕರಗಸೋದು ಎಮ್ಮಿ ಅಲ್ಲೋ, ಅದರ ದೊಡ್ಡ ಹೊಟ್ಟ್ಯಾಗಿರೋ ಸೂಕ್ಷ್ಮಜೀವಿ, ನಾರಿಗಿ ಹೊಂದ್ಕೊಂಡಿದ್ದಕ್ಕ ಒಮ್ಮೆಲೇ ಫೀಡಿನ್ಯಾಗಿನ ಕಾಳಿನ ಹಿಟ್ಟು ಸುರಿದ್ರ ಅದು ಭಡಾಭಡ್ ಹುಳಿ ಬಂದು ನಾರ್ ಕರಗಸೋವು ಸಾಯ್ತಾವ ಅಂದ್ರು. ಮ್ಯಾಲ ಕಣಕಿ ಇಲ್ಲಂದ್ರ ಮೆಲಕು ಕಡಿಮಿ, ಮೆಲಕು ಕಡಿಮಿ ಅಂದ್ರ ಜೊಲ್ಲೂ ಕಡಿಮಿ, ಆ ಜೊಲ್ಲಿನ್ಯಾಗೇ ಸೋಡಾ ಇರ್ತದಂತ ಹುಳಿ ಮುರೀಲಾಕ. ನಾವ್ ಮಿರ್ಚಿ ಭಜಿ ತಿಂದು ಸೋಡಾ ಕುಡಿತೀವಲ್ಲ ಹಂಗ, ಅದಕ್ಕ ಬಾಯಾಗೇ ಅಂಗಡಿ ಅದ! ಹಾಲಿನ ಫ್ಯಾಟೂ ಬಹಳಷ್ಟು ಈ ನಾರ್ ಕೊಳೆತಾಗ ಬರೋದ್ರಿಂದೇ ಆಗೋದು, ಅದಕ್ಕೇ ಆ ವಾರ ಡೇರಿನ್ಯಾಗ ನಂದು 7 ಇದ್ದದ್ದು 5.5ಕ್ಕ ಇಳಿದಿತ್ತು, ನಾ ಮಷಿನ್ ಕೆಟ್ಟದಂತ ಜಗಳಾ ಬ್ಯಾರೆ ತೆಗೆದಿದ್ದೆ.

ಈಗ ಅದೇ ಫೀಡೇ ಹಾಕ್ತೀನಿ, ಖರೇ ಅಂದ್ರ ಛಲೋ ಮಾಲ್. ಅರ್ಧ ಕೆಜಿಯಿಂದ ಚಾಲೂ ಮಾಡಿ ಹದಿನೈದ್ ದಿನದಾಗ ಏರ್ಸಿದೆ, ಕಣಕಿ ಮೊದಲು, ಫೀಡ್ ಆಮ್ಯಾಲ. ಮಲಗಿದಾಗ ಎಣಿಸ್ತೀನಿ, ಒಂದ್ ಉಂಡಿ ಮ್ಯಾಲ ತಂದ್ರ 50-60 ಸಲಾ ಅಗೀತದ, ಫ್ಯಾಟೂ ಮತ್ತ ಮೊದಲಿನಂಗ ಆಗ್ಯಾದ.

ಇನ್ನೊಂದು, ಚೀಲದ ಮ್ಯಾಲ ಯೂರಿಯಾ ಅಂತ ಸಣ್ಣಕ್ಷರದಾಗ ಬರೆದಿರ್ತದ. ದೊಡ್ಡ ದನದ ಹೊಟ್ಟ್ಯಾಗಿನ ಜೀವಿಗೋಳು ಅದರಿಂದ ಪ್ರೋಟೀನ್ ಮಾಡ್ಕೋತಾವ, ಸಣ್ಣ ಕರಕ್ಕ ಆ ಹೊಟ್ಟಿ ಇನ್ನಾ ಬೆಳೆದಿರಲ್ಲ, ಹಾಕಬಾರ್ದು. ಮಾಲಕನಿಗಿ ಕೇಳಿದ್ರ "ಎಲ್ಲಾಕೂ ನಡೀತದ" ಅಂತಾನ.

50 ಕೆಜಿ ಚೀಲ ಗಾಡಿಮ್ಯಾಲ ಎತ್ತಿ ಇಡ್ಲಾಕ ಹುಡುಗ 20 ರೂಪಾಯಿ ತಗೋತಾನ, ಫೋನ್‌ಪೇ ಬ್ಯಾಡಂತಾನ, ಚಿಲ್ಲರ ಇಟ್ಕೊಂಡ್ ಹೋಗ್ರಿ.